ಬೀಗರ ತಣ್ಣೀರು ಜಳಕ

ಎರಡು ವರ್ಷದ ಹಿಂದೆ, ಎಳ್ಳಮಾಸಿ ಮುಗಿದ ಮೇಲೆ ನಮ್ಮ ಹುನ್ನೂರಿನಲ್ಲಿ ಬಿದ್ದಂಥ ಥಂಡಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿತ್ತು. ಹಿಂಡಲು ಕೂತರೆ ಎಮ್ಮೆ ಒದೆಯುತ್ತಿತ್ತು. ಅದರ ತಪ್ಪಿಲ್ಲ, ನನ್ನ ಕೈ ಅಷ್ಟು ತಣ್ಣಗಿತ್ತು. ಅಂಥದರಲ್ಲಿ ಮೊಮ್ಮಗಳು ಸವಿತಾಳ ನಿಶ್ಚಯ ಬಂತು.

ಗಂಡಿನವರು ಬೀಳಗಿ ಕಡೆಯವರು. ಹುಡುಗನ ಅಜ್ಜ ಮತ್ತು ಅಪ್ಪ ಹಿಂದಿನ ಸಂಜೆಯೇ ಬಂದು ನಮ್ಮಲ್ಲಿ ಉಳಿದರು. ಊಟಕ್ಕೆ ಕೂತಾಗ ಅಜ್ಜ ತಮ್ಮ ಮನೆತನದ ಪದ್ಧತಿ ಹೇಳಿದರು. ಹೊತ್ತು ಹುಟ್ಟುವ ಮೊದಲೇ ಎಲ್ಲರೂ ತಣ್ಣೀರು ಜಳಕ ಮಾಡಬೇಕಂತೆ, ಲಿಂಗಪೂಜೆ ಆಗದೆ ಚಹಾ ಸುದ್ದಾ ಇಲ್ಲವಂತೆ, ಸೊಸೆಯಂದಿರಿಗೂ ಅದೇ ನಿಯಮವಂತೆ. ಒಪ್ಪಿಗೆಯಿದ್ದರೆ ಬೆಳಗ್ಗೆ ಎಲೆ-ಅಡಿಕೆ ಹಿಡಿಯೋಣ ಎಂದರು. ನನ್ನ ಮಗ ಕೋಲೆಬಸವನ ಹಾಗೆ ತಲೆಯಾಡಿಸಿದ.

ಸವಿತಾಗೆ ಚಿಕ್ಕಂದಿನಿಂದ ದಮ್ಮು. ತಣ್ಣೀರು ಬಿದ್ದರೆ ಉಸಿರು ಕಟ್ಟುತ್ತದೆ. ಹುಡುಗನಿಗೆ ಹೇಳಿದ್ದಳಂತೆ, ಆದರೆ ಅಜ್ಜನ ಮುಂದೆ ಬಾಯಿ ತೆಗೆಯುವ ಧೈರ್ಯ ಅವನಿಗೂ ಇಲ್ಲ.

"ಹುಡುಗ ಛಲೋ ಅದಾನ ಆಯಿ, ಹೆಂಗರ ಮಾಡತೇನಿ" ಅಂದಳು.

"ಹೆಂಗರ ಮಾಡಿ ಸಾಯತಿ" ಅಂದೆ.

ಬೆಳಗ್ಗೆ ಮೊದಲು ಹುಡುಗನ ಅಪ್ಪ ಬಚ್ಚಲಿಗೆ ಹೋದರು. ಹೊರಗೆ ಬಂದಾಗ ತುಟಿ ನೀಲಿಯಾಗಿತ್ತು, ಧೋತರದ ಗಂಟು ಕಟ್ಟಲು ಬೆರಳು ಬಾಗಲಿಲ್ಲ. ಆಮೇಲೆ ಅಜ್ಜ ಹೋದರು. ಒಳಗೆ ದಬದಬ ನೀರಿನ ಸಪ್ಪಳ, ಪ್ರತಿ ತಂಬಿಗೆಗೂ "ಹರ ಹರ". ನನಗೆ ಅಲ್ಲೇ ಅನುಮಾನ ಬಂತು. ಆ ಥಂಡಿಯಲ್ಲಿ ನೀರು ಬಿದ್ದವನ ದನಿ ಅಷ್ಟು ನೆಟ್ಟಗೆ ಬರುವುದುಂಟೇ?

ಹಣೆತುಂಬ ವಿಭೂತಿ ಹಚ್ಚಿಕೊಂಡು ಹೊರಬಂದರು. ನನ್ನ ಮಗ ಕೈ ಮುಗಿದ. ನಾನು ಬಚ್ಚಲಿಗೆ ಹೋಗಿ ನೋಡಿದೆ. ಅವರ ಮಗನ ಜಳಕವಾದ ಮೇಲೆ ನಾನು ನೆಲ ಒರೆಸಿದ್ದೆ, ಈಗ ಮೋರಿ ಕಡೆ ಮಾತ್ರ ಹಸಿ. ನಾನು ಕೊಟ್ಟ ಟವೆಲಿನ ಮಡಿಕೆಯೂ ಬಿಚ್ಚಿರಲಿಲ್ಲ. ಅದನ್ನು ಹಾಗೇ ಒಯ್ದು, ಪೂಜೆಗೆ ಕೂರುತ್ತಿದ್ದವರ ಮುಂದೆ ಇಟ್ಟೆ.

"ಬೀಗರ, ಶಿವಗ ನಾ ಹೇಳೂದ ಬ್ಯಾಡ, ಅವ ನೋಡ್ಯಾನ. ನಿಮ್ಮ ಮಗಗ ಹೇಳ್ಲೇನು?"

ಅವರು ಟವೆಲ್ ನೋಡಿದರು, ಬಾಗಿಲು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಮದಲ ನಮ್ಮ ಮನಿಯಾಕಿ ಕದ್ದ ಬಿಸಿನೀರ ಬೆರಸಿ ಇಡತಿದ್ಲರಿ. ಅಕಿ ಹೋದ ಮ್ಯಾಲ ಯಾರ್ನ ಕೇಳ್ಲಿ ಅಕ್ಕಾರ? ಪದ್ಧತಿ ಮಾಡಿದಾಂವ ನಾನ."

ನನಗೇನೂ ಕರುಣೆ ಉಕ್ಕಲಿಲ್ಲ. ಮೊಮ್ಮಗಳ ದಮ್ಮಿನ ಸಂಗತಿಯನ್ನು ಇದ್ದದ್ದು ಇದ್ದಹಾಗೆ ಹೇಳಿದೆ. ಹಂಡೆಯಲ್ಲಿ ಬಿಸಿನೀರಿದೆ, ಖರೆ ಜಳಕ ಮಾಡಿ ಬಂದು ಪೂಜೆಗೆ ಕೂಡ್ರಿ ಎಂದೆ. ಅವರು ಎದ್ದೇಬಿಟ್ಟರು. ಮತ್ತೆ ಜಳಕ ಯಾಕೆ ಎಂದು ಅವರ ಮಗ ಕೇಳಿದರೆ, ಎಮ್ಮೆ ಸಗಣಿ ಮೆತ್ತಿದ ಬಾಲದಿಂದ ಬಡಿಯಿತು ಎಂದೆ. ಪಾಪ, ಅಪ್ಪ ಈ ಥಂಡಿಯಲ್ಲಿ ಎರಡನೇ ಸಲ ಎಂದು ಅವರು ಮರುಗಿದರು.

ಈ ಸಲ "ಹರ ಹರ" ಕೇಳಿಸಲಿಲ್ಲ. "ಹಾ... ಹಾ..." ಎನ್ನುವುದಷ್ಟೇ ಕೇಳಿಸಿತು. ಹಂಡೆ ತಳ ಕಂಡಿತು. ಮುದುಕರು ಕೆಂಪಗೆ, ಬೇಯಿಸಿದ ಗೆಣಸಿನ ಹಾಗೆ ಹೊಗೆಯಾಡುತ್ತ ಹೊರಬಂದರು.

ಎಲೆ-ಅಡಿಕೆ ಹಿಡಿಯುವಾಗ ಗಂಟಲು ಸರಿಮಾಡಿಕೊಂಡು ಅಂದರು:

"ಕಾಲ ಬದಲಾಗೇತಿ. ಇನ್ನ ಮ್ಯಾಲ ನಮ್ಮ ಮನ್ಯಾಗ ಸೊಸೆಂದ್ರು ಹೊತ್ತ ಹುಟ್ಟಿದ ಮ್ಯಾಲ ಬಿಸಿನೀರ ಜಳಕ ಮಾಡ್ಲಿ."

ಕೂತವರೆಲ್ಲ ದೊಡ್ಡ ಮನಸ್ಸು ಎಂದು ಹೊಗಳಿದರು. ರಗ್ಗು ಹೊದ್ದು ಇನ್ನೂ ನಡುಗುತ್ತಿದ್ದ ಅವರ ಮಗ ಮಾತ್ರ ಕೇಳಿದರು:

"ಅಪ್ಪಾ, ಗಂಡಸರಿಗಿ?"

ಮುದುಕರು ನನ್ನ ಕಡೆ ನೋಡಿದರು. ನಾನು ಅಡಿಕೆ ಕತ್ತರಿಸುತ್ತಿದ್ದೆ.

"ಗಂಡಸರೂ ಮನಷ್ಯಾರ ಅಲ್ಲೇನಪಾ" ಅಂದರು.

ಸವಿತಾ ಆ ಮನೆಯಲ್ಲಿ ಸುಖವಾಗಿದ್ದಾಳೆ. ಮುದುಕರು ಹೋದ ವರ್ಷ ತೀರಿಕೊಂಡರು, ಅದಕ್ಕೇ ಈಗ ಬರೆದೆ. ನನಗೆ ಮರೆಯಲು ಆಗದ್ದು ಆ ಮಗನ ಮುಖ. ಅವರೇನು ಪತ್ರಿಕೆ ಓದುವವರಲ್ಲ, ನಾನೂ ಹೇಳುವುದಿಲ್ಲ. ಹೇಳಿದರೆ ಇಷ್ಟು ವರ್ಷ ಸುರಿದುಕೊಂಡ ನೀರಿನ ಥಂಡಿಯೆಲ್ಲ ಒಮ್ಮೆಲೇ ಹತ್ತೀತು.