ನೂಲು ಕಟ್ಟಿದ ಓಣಿಯಿಂದ ಕಾರು ಹೊರಗೆ ಬರಲಿಲ್ಲ

ಬಸಣ್ಣ ಕಾಕಾ ಕಾರಿನ ಕೀಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

ಅವರ ಮುಂದೆ ಓಣಿಯ ಬಾಯಿಯವರೆಗೂ ಸೊಂಟದೆತ್ತರಕ್ಕೆ ಕೆಂಪು ನೂಲು. ಬಿಗಿಯಾಗಿ ಎಳೆದು ಕಟ್ಟಿದ್ದು... ಕಾರು ಹಾಗಿರಲಿ, ಸೈಕಲ್ಲೂ ಹೊರಗೆ ಹೋಗುವ ಹಾಗಿಲ್ಲ.

ಹೋದ ತಿಂಗಳು ನಮ್ಮ ಬೆಟಗೇರಿಯಲ್ಲಿ ನಡೆದದ್ದು ಇದು. ನೆನೆಸಿಕೊಂಡರೆ ಈಗಲೂ ಒಬ್ಬನೇ ನಗುತ್ತೇನೆ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಕಷ್ಟವೂ ಇರಲಿಲ್ಲ. ಒಂದು ಕಡೆ ಕೂರಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಈಗ ಬೆಟಗೇರಿ-ಗದಗ ನಡುವೆ ಕರೆಂಟಿನ ಆಟೋ ಓಡಿಸುತ್ತೇನೆ. ಈಗಲೂ ಕೂತೇ ಇರುತ್ತೇನೆ, ಆದರೆ ಸೀಟು ಓಡುತ್ತಿರುತ್ತದೆ.

ನಮ್ಮ ಕಡೆ ಆಟೋದವರಿಗೆ ಫೋನ್ ಮಾಡಿ ನೋಡಿ. ಮನೆಯಲ್ಲಿ ಚಹಾ ಕುಡಿಯುತ್ತಲೇ, ಇಲ್ಲೇ ಮೂಲೆಯಲ್ಲಿದ್ದೇನೆ, ಬಂದೆ ಅನ್ನುತ್ತಾರೆ. ನನಗೆ ಅದು ಬರುವುದಿಲ್ಲ. ಅದಕ್ಕೇ ಓಣಿಯ ಗ್ರೂಪಿನಲ್ಲಿ ಬೆಳಗ್ಗೆಯೇ ಲೈವ್ ಲೋಕೇಶನ್ ಹಾಕಿಬಿಡುತ್ತೇನೆ. ಎಲ್ಲಿದ್ದೇನೆ ಎಂದು ಎಲ್ಲರಿಗೂ ಕಾಣುತ್ತದೆ, ಬೇಕಾದವರು ಸೀಟು ಹೇಳುತ್ತಾರೆ.

ಸ್ಟ್ಯಾಂಡಿನಲ್ಲಿ ಗೆಳೆಯರು ನನ್ನನ್ನು "ಏ ಲೋಕೇಶನ್" ಎಂದೇ ಕರೆಯುತ್ತಾರೆ. ಮಿರ್ಚಿ ಬಂಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ ಅವ್ವನ ಫೋನ್ ಬರುತ್ತದೆ.

ನಮ್ಮ ಪಕ್ಕದ ಮನೆ ಕಾಶವ್ವ ಅತ್ತೆಯದು. ಓಣಿಯಲ್ಲಿ ಕೈಮಗ್ಗ ಉಳಿದಿರುವುದು ಅವರ ಮನೆಯಲ್ಲಿ ಮಾತ್ರ.

ಸೀರೆ ನೇಯುವ ಮೊದಲು ಹಾಸಿನ ನೂಲನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲಿಗೆ ಒಣಗಿಸಬೇಕು. ಬೆಳಗಿನ ಹೊತ್ತಲ್ಲೇ ಆಗಬೇಕು. ಗಾಳಿ ಎದ್ದರೆ ಎಳೆಗಳು ಸಿಕ್ಕಾಗುತ್ತವೆ.

ಆದರೆ ಓಣಿ ಎಲ್ಲಿದೆ? ಮನೆಗೊಂದು ಕಾರು ನಿಂತಿದೆ. ಎಲ್ಲರೂ ಹೋಗುವುದು ಅದೇ ಗದಗಿಗೆ, ಆದರೆ ಒಬ್ಬೊಬ್ಬರೇ, ಒಂದೊಂದು ಹೊತ್ತಿಗೆ.

ಈ ಸಲವೂ ಹಾಸು ಕಟ್ಟಲು ಆಗದಿದ್ದರೆ ಮಗ್ಗ ಬಿಚ್ಚಿ ಮಾರಿ, ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ ಎಂದು ಅತ್ತೆ ನಮ್ಮ ಅವ್ವನಿಗೆ ಹೇಳುತ್ತಿದ್ದರು. ಅಳದೆ ಹೇಳಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಅಲ್ಲೇ ನಿಂತು ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಹಾಸು ಕಟ್ಟುವ ದಿನದ ಹಿಂದಿನ ಸಂಜೆಯೇ ಕಾರುಗಳನ್ನು ಆಚೆ ಬಯಲಿನಲ್ಲಿ ಬಿಡಿ, ಬೆಳಗ್ಗೆ ನಾನು ಗದಗಿಗೆ ಮುಟ್ಟಿಸುತ್ತೇನೆ ಎಂದೆ. ಹತ್ತಿ ವ್ಯಾಪಾರದ ರಫೀಕ್ ಚಾಚಾ ಮೊದಲು ಒಪ್ಪಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ಬಸಣ್ಣ ಕಾಕಾ ಒಬ್ಬರನ್ನು ಬಿಟ್ಟು.

ಕಾಕಾಗೆ ಗದಗಿನಲ್ಲಿ ಆಫೀಸು. ಕಾರು ಹೊಸದು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಅವರ ಮನೆ ಓಣಿಯ ತುದಿಯಲ್ಲಿದೆ, ಅದರಾಚೆ ದಾರಿಯಿಲ್ಲ. ನನ್ನ ಕಾರು ನಿಮಗೇನೂ ಅಡ್ಡವಲ್ಲ, ನೀವು ಕಟ್ಟುವ ಮೊದಲೇ ಹೊರಟುಬಿಡುತ್ತೇನೆ ಅಂದರು. ನ್ಯಾಯವಾದ ಮಾತೇ.

ಆದರೆ ಆ ಬೆಳಗ್ಗೆ ಕಾಕಾನ ಪೂಜೆ ಮುಗಿಯಲೊಲ್ಲದು. ಒಳಗೆ ಗಂಟೆ ಬಾರಿಸುತ್ತಲೇ ಇದೆ. ಇಲ್ಲಿ ಗಂಜಿ ಗಟ್ಟಿಯಾಗುತ್ತಿದೆ, ಬಿಸಿಲು ಏರುತ್ತಿದೆ.

ಅತ್ತೆ ಅವರ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ನಮಗೆ ಕಟ್ಟಲು ಹೇಳಿದರು. ರಫೀಕ್ ಚಾಚಾ ಅಂಗಿಯ ತೋಳು ಮಡಚಿಕೊಂಡು ಬಂದು ನೂಲಿನ ಒಂದು ತುದಿ ಹಿಡಿದರು.

ಅರ್ಧ ಗಂಜಿ ಸವರಿದ್ದಾಗ ಕಾಕಾ ಹೊರಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಡಬ್ಬಿ, ಕೀಲಿ.

ಹಸಿ ಗಂಜಿಯ ನೂಲನ್ನು ಈಗ ಬಿಚ್ಚಿದರೆ ಒಂದಕ್ಕೊಂದು ಅಂಟಿ ಎಲ್ಲಾ ಹಾಳು. ಅದು ಓಣಿಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಕಾಕಾಗೂ ಗೊತ್ತು.

ಅತ್ತೆ ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಬಿಚ್ಚಲೇನ್ರಿ, ಬಸಣ್ಣಾರ?"

ಕಾಕಾ ನೂಲು ನೋಡುತ್ತಾರೆ, ಕಾರು ನೋಡುತ್ತಾರೆ... ಕೊನೆಗೆ ನನ್ನನ್ನು ನೋಡುತ್ತಾರೆ.

"ಲೇ, ನಿನ್ನ ಆಟೋದಾಗ ಕುಂತ್ರ ಟೈಮಿಗೆ ಮುಟ್ಟತೀನೇನು?"

ರಫೀಕ್ ಚಾಚಾ ಹಿಂದಿನಿಂದ ನನ್ನನ್ನು ತಿವಿದರು. ಹೂಂ ಅಂದರೆ ಮುಗಿಯಿತು. ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.

"ಹೇಳಾಕ ಬರಂಗಿಲ್ರಿ ಕಾಕಾ. ಬಜಾರದಾಗ ಲಾರಿ ನಿಂತಿದ್ರ ತಡ ಆಕ್ಕೈತಿ. ಕಾರಿನ್ಯಾಗ ಹೋದ್ರೂ ಆಕ್ಕೈತಿ."

ಚಾಚಾ ಹಣೆ ಹಿಡಿದುಕೊಂಡರು.

"ಒಂದು ಸುಳ್ಳರ ಹೇಳಲೇ ಮಾರಾಯಾ," ಅಂದರು ಕಾಕಾ. "ಹತ್ತಾಕ ನನಗೂ ಒಂದು ನೆವಾ ಬೇಕಲ್ಲ."

ಮೊದಲು ನಕ್ಕದ್ದು ಕಾಶವ್ವ ಅತ್ತೆ. ಆಮೇಲೆ ಇಡೀ ಓಣಿ.

ಕಾಕಾ ಕೀಲಿಯನ್ನು ಜೇಬಿಗೆ ಹಾಕಿ, ಡಬ್ಬಿಯನ್ನು ಎದೆಗವಚಿಕೊಂಡು, ಬಗ್ಗಿ ನೂಲಿನ ಕೆಳಗೆ ನುಸುಳಿದರು. ಓಣಿಯ ಆ ತುದಿಯಿಂದ ಈ ತುದಿಯವರೆಗೂ. ಹೊರಗೆ ಬಂದು ನೆಟ್ಟಗೆ ನಿಂತಾಗ ಬೆನ್ನ ಮೇಲೆ ಉದ್ದಕ್ಕೆ ಗಂಜಿಯ ಗೆರೆ. ಅದನ್ನೂ ಹೇಳಿಬಿಟ್ಟೆ. ಇರಲಿ ಬಿಡು ಅಂದರು.

ಬಜಾರದಲ್ಲಿ ಲಾರಿ ನಿಂತೇ ಇತ್ತು. ಮೂಟೆ ಇಳಿಸುತ್ತಿದ್ದರು, ಹಿಂದೆ ಸಾಲುಗಟ್ಟಿ ಕಾರುಗಳು.

ಬೈಗುಳ ಕೇಳಲು ಸಿದ್ಧನಾಗಿ ಕೂತೆ. ಕಾಕಾ ಇಳಿದು, ಡಬ್ಬಿ ಬಗಲಿಗೆ ಹಾಕಿಕೊಂಡರು.

"ಕಾರಿದ್ದಿದ್ರ ಹಿಂಗ ನಡಬರಕ ಬಿಟ್ಟು ಇಳಿಯಾಕ ಬರ್ತಿದ್ದಿಲ್ಲ ನೋಡಲೇ," ಎಂದು ಹೇಳಿ, ಲಾರಿಯ ಪಕ್ಕದಿಂದ ನಡೆದೇ ಹೋಗಿಬಿಟ್ಟರು.

ಸಂಜೆ ಕಾಕಾನಿಂದ ಗ್ರೂಪಿಗೆ ಮೊದಲ ಮೆಸೇಜ್ ಬಂತು. ಮಿರ್ಚಿ ಬಂಡಿ ಹತ್ತಿರ ಇದ್ದೀಯಲ್ಲ, ನನಗೂ ಕಟ್ಟಿಸು, ಬಂದೆ ಎಂದು. ಎಲ್ಲರೂ ಓದಿ, ನಮಗೂ ಎಂದರು. ಮನೆಗೆ ಹೋಗುವಾಗ ಇಡೀ ಓಣಿಗೆ ಮಿರ್ಚಿ ಒಯ್ಯಬೇಕಾಯಿತು.

ಅಷ್ಟು ಹೊತ್ತಿಗೆ ನೂಲು ಒಣಗಿ, ಸುತ್ತಿ, ಮಗ್ಗಕ್ಕೆ ಏರಿತ್ತು. ಮುಂದಿನ ಹಾಸು ಯಾವತ್ತು ಎಂದು ಕಾಕಾ ಅತ್ತೆಯನ್ನು ಕೇಳಿದರು, ಹಿಂದಿನ ದಿನವೇ ಹೇಳಿ ಎಂದರು. ಅತ್ತೆ ಒಳಗೆ ಹೋಗಿ ಎಲ್ಲರಿಗೂ ಚಹಾ ಇಟ್ಟರು. ಮಗ್ಗ ಬಿಚ್ಚುವ ಮಾತು ಮತ್ತೆ ಬರಲಿಲ್ಲ.

ಕಾಕಾ ಕಾರು ಬಿಟ್ಟೇಬಿಟ್ಟರು ಅಂತ ನಾನು ಬರೆಯುವುದಿಲ್ಲ. ಬೇಕಾದಾಗ ತೆಗೆಯುತ್ತಾರೆ. ಆದರೆ ಕೆಲವು ಕಾರುಗಳು ಬಯಲಿನಿಂದ ಓಣಿಗೆ ಇನ್ನೂ ವಾಪಸ್ ಬಂದಿಲ್ಲ. ಬಯಲಿಗೆ ನಡೆಯುವುದಕ್ಕಿಂತ ಆಟೋ ಹತ್ತಿರ ಅಂತೆ.

ಮನೆ ಮುಂದೆ ಕಾರುಗಳು ಬಂದು ನಿಲ್ಲುವ ಮೊದಲು ನಿಮ್ಮ ಓಣಿಯಲ್ಲಿ ಏನೇನು ನಡೆಯುತ್ತಿತ್ತು, ಯಾರಿಗಾದರೂ ನೆನಪಿದೆಯಾ?