ಕ್ಲೋರಿನ್ನಿಗೆ ಜಗ್ಗದ ಚಿಪ್ಪು

ನೀರು ಸರಬರಾಜು ಕಚೇರಿಯ ಲ್ಯಾಬಿನಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ. ಊಟದ ಡಬ್ಬಿ ತೆರೆದರೂ ಮೊದಲು ಕಣ್ಣು ಕಿರಿದು ಮಾಡಿ ನೋಡುವವಳು. "ಈಯಮ್ಮನ ಕಣ್ಣಿಗೆ ಬಿದ್ರೆ ತುತ್ತಿಗೂ ನಾಚಿಕೆ ಆಗುತ್ತೆ" ಎಂದು ಎಂಜಿನಿಯರ್ ನಗಿಸುತ್ತಿದ್ದರು.

ಆ ಮಧ್ಯಾಹ್ನ ಅವಳಿಗೆ ನಗು ಬರಲಿಲ್ಲ. ನಲ್ಲಿಗೆ ಬಿಡುವ ನೀರನ್ನು ಸೋಸಿದಾಗ ಒಂದೇ ಕೋಶದ ಜೀವಿಗಳು ಸಿಕ್ಕಿದ್ದವು. ಗಟ್ಟಿ ಚಿಪ್ಪಿನೊಳಗೆ ಮುದುಡಿಕೊಂಡ ಸೂಕ್ಷ್ಮ ಗುಂಡುಗಳು.

"ಕ್ಲೋರಿನ್ ಸರಿಯಾಗೇ ಬಿದ್ದಿದೆಯಲ್ಲ, ಸತ್ತಿರ್ತಾವೆ ಬಿಡಮ್ಮ" ಎಂದರು ಎಂಜಿನಿಯರ್.

ಸತ್ತಿವೆಯೋ ಇಲ್ಲವೋ ನೋಡಲು ಅವಳು ಆ ಹನಿಗೆ ಹೊಟ್ಟೆಯೊಳಗಿನಂಥ ಸ್ಥಿತಿ ಕಲ್ಪಿಸಿದಳು. ಪಿತ್ತರಸದ ಲವಣ, ಕರುಳಿನಲ್ಲಿ ಆಹಾರ ಕರಗಿಸುವ ಕಿಣ್ವ ಬೆರೆಸಿ, ಮೈಯಷ್ಟೇ ಬೆಚ್ಚಗಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಸ್ವಲ್ಪ ಹೊತ್ತಿಗೆ, ಹೊಲಿಗೆ ಬಿಟ್ಟ ಬಟ್ಟೆಯಂತೆ ಒಂದು ಚಿಪ್ಪು ಸೀಳಿತು. ಬಾಗಿದ ಎಳೆಯಂಥ ಜೀವಿಗಳು ಒಂದರ ಹಿಂದೊಂದು ಜಾರಿ ಹೊರಬಂದು ಹೊರಳಾಡತೊಡಗಿದವು.

ಬೆಳಿಗ್ಗೆ ತಂಗಿಯ ಹಾಸಿಗೆ ಪಕ್ಕ ತುಂಬಿಸಿಟ್ಟು ಬಂದದ್ದು ಇದೇ ನಲ್ಲಿ ನೀರು. ತಂಗಿ ಮೂತ್ರಪಿಂಡ ಬದಲಾಯಿಸಿಕೊಂಡವಳು; ಒಂದು ನೆಗಡಿಯನ್ನೂ ತಾಳಲಾರದ ಮೈ. ಕುದಿಸಿ ಕೊಡಿ ಎಂದು ಡಾಕ್ಟರು ಹೇಳಿಯೇ ಇದ್ದರು. ನಮ್ಮ ನೀರನ್ನು ನಾನೇ ನೋಡುತ್ತೇನಲ್ಲ ಎಂಬ ಜಂಬ ಇವಳದು.

ತಂಗಿ ಫೋನು ಎತ್ತಿದ ಕೂಡಲೇ ಇವಳು ಕೇಳಿದಳು, "ನೀರು ಕುಡಿದ್ಯೇನೇ?"

"ಕುಡಿದೆ ಕಣೇ ಅಕ್ಕ. ಯಾಕೆ, ನಿನ್ನ ದನಿ ಹೀಗಿದೆ?"

"ಇನ್ನೊಂದು ಗುಟುಕೂ ಮುಟ್ಟಬೇಡ. ಡಾಕ್ಟರಿಗೆ ಹೇಳ್ತೀನಿ."

ಎಂಜಿನಿಯರ್ ತಾವೂ ಬಗ್ಗಿ ನೋಡಿದರು. ನೋಡಿದವರೇ, ನೀರು ಕುದಿಸಿ ಕುಡಿಯಿರೆಂದು ಊರಿಗೆಲ್ಲ ಸಾರಿಸಿದರು.

ಮನೆಯಲ್ಲಿ ಅಕ್ಕ ಕೂತಲ್ಲಿ ಕೂರಲಿಲ್ಲ. ತಂಗಿ ಬಚ್ಚಲಿಗೆ ಎದ್ದರೆ ಇವಳೂ ಎದ್ದು ಬಾಗಿಲ ಹೊರಗೆ ನಿಲ್ಲುವಳು. ವಾರ ತುಂಬುವ ಮೊದಲೇ ತಂಗಿಗೆ ಭೇದಿ ಹಿಡಿಯಿತು. ಆಸ್ಪತ್ರೆಯಲ್ಲಿ ತಂಗಿ ಒಣಗಿದ ತುಟಿಯಲ್ಲೇ, "ನಿನ್ನ ಹುಳಗಳು ಭಾರಿ ಹಟಮಾರಿ ಕಣೇ" ಎಂದು ನಗಲು ನೋಡಿದಳು. ಅಕ್ಕ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಳು.

ಕಾರಣ ಮೊದಲೇ ಗೊತ್ತಿದ್ದರಿಂದ ಡಾಕ್ಟರು ತಡಮಾಡಲಿಲ್ಲ. ಔಷಧಗಳ ಪ್ರಮಾಣ ಬದಲಿಸಿ, ಡ್ರಿಪ್ ಏರಿಸಿ, ಹೊಸ ಮೂತ್ರಪಿಂಡವನ್ನು ಉಳಿಸಿದರು. ತಂಗಿ ಅರ್ಧ ಮೈಯಾಗಿ ಮನೆಗೆ ಬಂದಳು.

ಅಕ್ಕನ ಭಯ ಮಾತ್ರ ಇಳಿಯಲಿಲ್ಲ. ಕುದಿಸಿ ಆರಿಸಿದ ನೀರನ್ನು ಕೊಡುವಾಗಲೂ ಮೊದಲ ಗುಟುಕು ತಾನೇ ಕುಡಿಯುವಳು. ಅದರಿಂದ ಏನೂ ತಿಳಿಯದೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.