ಶಾರದಮ್ಮನವರ ಕೈಗೊಂದು ಚಾಕು

ಶುಕ್ರವಾರ ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಉಪ್ಪಿಟ್ಟು ಮಾಡಿ ಮುಚ್ಚಿಟ್ಟು, ಬಸವೇಶ್ವರನಗರದ ಮನೆಯಿಂದ ಹೊರಟೆ. ಹೋಗಬೇಕಾಗಿದ್ದುದು ನಾಯಂಡಹಳ್ಳಿಗೆ, ಒಂದು ಚಾಕು ತರುವುದಕ್ಕೆ.

ಚಾಕು ನನಗಲ್ಲ, ಎದುರುಮನೆಯ ಶಾರದಮ್ಮನವರಿಗೆ. ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಪ್ರತಿ ಶನಿವಾರ ಅನ್ನದಾನ. ತರಕಾರಿ ಹೆಚ್ಚುವ ಹೆಂಗಸರ ಸಾಲಿನಲ್ಲಿ ಮೊದಲ ಜಾಗ ಅವರದು. ಲಕ್ವ ಹೊಡೆದ ಮೇಲೆ ಬಲಗೈಯ ಹಿಡಿತ ಹೋಯಿತು. ಅಂಗಡಿ ಚಾಕುವಿನ ಸಣ್ಣ ಹಿಡಿ ಬೆರಳುಗಳ ನಡುವೆ ಜಾರುತ್ತಿತ್ತು. ಬಂದು ಜೊತೆಗೆ ಕೂತರೆ ಸಾಕು ಎಂದು ಕರೆದರೆ, “ಸುಮ್ನೆ ಕೂತು ಪ್ರಸಾದ ತಿನ್ನೋಕೆ ನಾನು ಬರಲ್ಲ ಕಣೇ ಗಿರಿಜಾ” ಎಂದರು. ಅಂದಿನಿಂದ ದೇವಸ್ಥಾನದ ಕಡೆಗೇ ಬರಲಿಲ್ಲ.

ನಾನು ಜೇಡಿಮಣ್ಣಿನ ಉಂಡೆಯೊಂದನ್ನು ಅವರ ಮುಷ್ಟಿಯಲ್ಲಿಟ್ಟು ಒತ್ತಿಸಿದೆ. ಅದೇ ಆಕಾರದ ಹಿಡಿ ಮಾಡಿಸಲು ಆ ಅಚ್ಚನ್ನು ನಮ್ಮ ಯಜಮಾನರು ಸ್ಕೂಟರಿನಲ್ಲಿ ಒಯ್ದು ನಾಯಂಡಹಳ್ಳಿಯ ಬಸಪ್ಪನವರಿಗೆ ಕೊಟ್ಟು ಬಂದರು. ಬಸಪ್ಪ ಗದಗದ ಕಡೆಯವರು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು ಚಾಕು ಮಾಡುತ್ತಾರೆ. ಬೆಟ್ಟ ಹತ್ತುವ ಹುಡುಗರು ಮುಗಿಬಿದ್ದು ಕೊಳ್ಳುತ್ತಾರಂತೆ. ಪ್ಲಾಸ್ಟಿಕ್ ಬೇಡ, ರೆಕ್ಸಿನ್ ಬೇಡ, ಹಿಡಿಯನ್ನೂ ಒರೆಯನ್ನೂ ದೇವರು ಕೊಟ್ಟ ವಸ್ತುವಿನಲ್ಲೇ ಮಾಡಿ ಎಂದು ನಾನು ಫೋನಿನಲ್ಲಿ ಹೇಳಿದ್ದೆ.

ವಿಜಯನಗರದವರೆಗೆ ಬಸ್ಸು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಜೊತೆಗೆ ಕಿಟಕಿಯ ಸೀಟೂ ಸಿಕ್ಕಿತು. ಇಷ್ಟಕ್ಕೂ ಕೈಮುಗಿಯುವವಳು ನಾನು. ಅಲ್ಲಿಂದ ಮೆಟ್ರೊ. ನಾಯಂಡಹಳ್ಳಿಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಗೋದಾಮುಗಳ ಸಂದಿಯಲ್ಲಿ ಸುತ್ತಿಗೆಯ ಸದ್ದು ಹಿಡಿದು ಹೋದೆ. ತಗಡಿನ ಶೆಡ್ಡಿನ ಮುಂದೆ ಬಸಪ್ಪನವರ ಹೆಂಡತಿ ನೀಲವ್ವ ನೀರು ಕೊಟ್ಟು ಕೂರಿಸಿದರು.

ಬಸಪ್ಪ ಚಾಕು ತಂದು ಹೆಮ್ಮೆಯಿಂದ ಕೈಗಿಟ್ಟರು. ಅಲಗಿನ ಮೇಲೆ ಸುತ್ತಿಗೆಯ ಗುರುತುಗಳನ್ನು ಹಾಗೇ ಉಳಿಸಿದ್ದರು, ನೋಡಲು ಚೆಂದ. ಹಿಡಿ ಕಪ್ಪಗೆ ಹೊಳೆಯುತ್ತಿತ್ತು, ಹೆಬ್ಬೆರಳಿಗೆ ಸರಿಯಾಗಿ ಗುಳಿ ಇತ್ತು. ಯಾವ ಮರ ಎಂದು ಕೇಳಿದೆ. ಮರವಲ್ಲ, ಎಮ್ಮೆಯ ಕೊಂಬು. ಒರೆ ಚರ್ಮದ್ದು.

ಚಾಕುವನ್ನು ಕೆಳಗಿಟ್ಟು, ಇದು ದೇವಸ್ಥಾನದ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ ಎಂದೆ. ಬಸಪ್ಪನವರ ಮುಖ ಸಣ್ಣದಾಯಿತು.

“ದೇವರು ಕೊಟ್ಟದ್ದರಾಗ ಮಾಡ್ರಿ ಅಂದ್ರಿ. ಎಮ್ಮಿ ಕೊಂಬೂ ದೇವರ ಕೊಟ್ಟದ್ದ ಅಲ್ರೀ ಅಕ್ಕಾರ?”

ನೀಲವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಹುಡುಗೂರ ಚಾಕು ಮಾಡಿ ಮಾಡಿ ಇವರಿಗೆ ಕೊಂಬ ಬಿಟ್ರ ಬ್ಯಾರೆ ಕಾಣಂಗಿಲ್ರೀ. ಗುಡಿ ಅಡಗಿಮನಿಗೆ ಅಂತ ನೀವಾದ್ರೂ ಒಂದ ಮಾತ ಹೇಳಬಾರದಾಗಿತ್ತೇನ್ರೀ?”

ಹೇಳಿರಲಿಲ್ಲ, ನಿಜ. ಚಾಕು ಎಂದರೆ ಮರದ ಹಿಡಿ ಎಂದೇ ನನ್ನ ತಲೆಯಲ್ಲಿತ್ತು. ನಾಳೆಯೇ ಶನಿವಾರ. ಬದಲಾಯಿಸಿ ಕೊಡಿ, ಕೂತು ಕಾಯುತ್ತೇನೆ ಎಂದು ನೇರವಾಗಿ ಹೇಳಿದೆ. ಮಣ್ಣಿನ ಅಚ್ಚು ಒಣಗಿ ಬಿರುಕುಬಿಟ್ಟಿದೆ, ಹೇಗೆ ಮಾಡುವುದು ಎಂದು ಗೊಣಗಿದ ಬಸಪ್ಪ, ಆಮೇಲೆ ಆ ಕೊಂಬಿನ ಹಿಡಿಯನ್ನೇ ಜೋಪಾನವಾಗಿ ಬಿಚ್ಚಿ ಮಾದರಿಗೆ ಎದುರಿಗಿಟ್ಟುಕೊಂಡರು. ಹಲಸಿನ ಮರದ ತುಂಡನ್ನು ಕೆತ್ತಿ, ಉಜ್ಜಿ, ಕೂಡಿಸಿ, ಅಗಸೆ ಎಣ್ಣೆ ಸವರಿದರು. ಕೊಂಬಿಗಿಂತ ಇದು ಹಗುರ. ಆ ಕೈಗೆ ಹಗುರವೇ ಒಳ್ಳೆಯದಲ್ಲವೇ?

ಪಕ್ಕದ ಗೋದಾಮಿನಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತುತ್ತಾರೆ. ನೀಲವ್ವ ಅಲ್ಲಿಂದ ಹಾಳೆ ತಂದು ನೆನೆಸಿದರು. ನಾನು ಮಡಚಿ ಹಿಡಿದುಕೊಂಡೆ, ಅವರು ದಪ್ಪ ಹತ್ತಿ ದಾರದಿಂದ ಒರೆ ಹೊಲಿದರು. ಮಧ್ಯೆ ಖಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದರು. ರೊಟ್ಟಿ ಮುರಿಯಲು ನಾನು ಒದ್ದಾಡಿದ್ದನ್ನು ನೋಡಿ ಗಂಡ ಹೆಂಡತಿ ಇಬ್ಬರೂ ನಕ್ಕರು. ಬಸಪ್ಪನವರ ಮುನಿಸು ಅಲ್ಲಿಗೆ ಕರಗಿತು.

ಚಾಕು ಹಿಡಿದು ಮೆಟ್ರೊ ಹತ್ತುವ ಹಾಗಿಲ್ಲ. ರಿಂಗ್ ರೋಡಿನ ಬಸ್ಸಿನಲ್ಲಿ ನಿಂತೇ ಬಂದು, ಸುಮನಹಳ್ಳಿಯಲ್ಲಿ ಇಳಿದು ಆಟೊ ಹಿಡಿದೆ. ಮನೆಗೂ ಹೋಗದೆ ನೇರ ಶಾರದಮ್ಮನವರ ಮನೆಗೆ ಹೋಗಿ, ಚಾಕು ತೊಳೆದು, ಅವರ ಅಡುಗೆಮನೆಯಲ್ಲಿದ್ದ ಬೀನ್ಸ್ ಜೊತೆ ಮುಂದಿಟ್ಟೆ.

ಅವರು ಬೆರಳುಗಳನ್ನು ಒಂದೊಂದಾಗಿ ಎಡಗೈಯಿಂದ ಮಡಚಿ ಹಿಡಿಗೆ ಸುತ್ತಿಸಿದರು. ಚಾಕು ಜಾರದೆ ನಿಂತಿತು. ಬೀನ್ಸ್ ಮೇಲೆ ಒತ್ತಿದಾಗ ಅಲಗು ಓರೆಯಾಯಿತು, ನಾನು ಅವರ ಕೈ ಹಿಡಿಯಹೋದೆ.

“ಕೈ ತೆಗಿ” ಎಂದರು.

ಒಂದು ಹೋಳು ಗೆಣ್ಣುದ್ದ, ಇನ್ನೊಂದು ಉಗುರಿನಷ್ಟು. ಎಲ್ಲ ಹೆಚ್ಚಿದ ಮೇಲೆ ತಟ್ಟೆ ತಿರುಗಿಸಿ ನೋಡಿ ಮುಖ ಕಿವುಚಿದರು. “ನಾಳೆ ನನ್ನ ಮುಂದೆ ಬೀನ್ಸ್ ಇಡ್ಬೇಡ್ರೇ. ಕುಂಬಳಕಾಯಿ ಸೀಳಿ ಇಡಿ. ಹೋಳು ದಪ್ಪಗಾದ್ರೂ ಸಾಂಬಾರಿಗೆ ನಡೆಯುತ್ತೆ.”